ಇನ್ನೆರಡು ಪ್ಲೇಟ್ ಹಾಕಿಸಿದ್ರೆ ಸಾಕಾ?

ಪ್ರಶ್ನೆ: ಪಿಕಪ್ ತಗೊಂಡು, ಹಿಂದೆ ಮಲಗೋಕೆ, ಅಡುಗೆ ಮಾಡೋಕೆ ಒಂದು ಪೆಟ್ಟಿಗೆ ಮನೆ ಕಟ್ಟಿಸಿ ನಾನೂ ನನ್ನ ಹೆಂಡತಿಯೂ ಲಡಾಖ್‌ವರೆಗೆ ಹೋಗಬೇಕು ಅಂತಿದ್ದೇವೆ. ಯಾವ ಗಾಡಿ ತಗೊಳ್ಳಲಿ? ಭಾರ ಜಾಸ್ತಿ ಆದ್ರೆ ಹಿಂದೆ ಇನ್ನೆರಡು ಸ್ಪ್ರಿಂಗ್ ಪ್ಲೇಟ್, ಅಂದ್ರೆ ಗಾಡಿಯ ಭಾರ ಹೊರೋ ಉಕ್ಕಿನ ಪಟ್ಟಿ, ಹಾಕಿಸಿದ್ರೆ ಸಾಕು ಅಂತಾರೆ. ನಿಜವಾ?

ಈ ಪ್ರಶ್ನೆ ಎಷ್ಟನೇ ಸಲ ಬಂತೋ, ಲೆಕ್ಕ ಬಿಟ್ಟಿದ್ದೇನೆ. ಮೊದಲನೆಯದಕ್ಕೆ ಉತ್ತರ ಚಿಕ್ಕದು: ಗಾಡಿಯನ್ನು ಕೊನೆಗೆ ಆರಿಸಿ. ಎರಡನೆಯದಕ್ಕೆ ಇನ್ನೂ ಚಿಕ್ಕದು: ನಿಜ ಅಲ್ಲ. ಆದರೆ ಇಷ್ಟಕ್ಕೇ ಬಿಟ್ಟರೆ ನಾಳೆ ಇನ್ನೊಬ್ಬರು ಬಂದು ಇದನ್ನೇ ಕೇಳುತ್ತಾರೆ. ಹಾಗಾಗಿ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಎಲ್ಲರೂ ಮಾಡುವುದು ಉಲ್ಟಾ ಕೆಲಸ. ಮೊದಲು ಗಾಡಿ ಬುಕ್ ಮಾಡುತ್ತಾರೆ, ಆಮೇಲೆ ಫ್ಯಾಬ್ರಿಕೇಷನ್‌ನವರ ಹತ್ತಿರ ಹೋಗುತ್ತಾರೆ, ಎಲ್ಲ ಮುಗಿದ ಮೇಲೆ ತೂಕದ ನೆನಪಾಗುತ್ತದೆ. ನೀವು ಮೊದಲು ಒಂದು ಹಾಳೆ ತಗೊಂಡು ಮನೆಯ ತೂಕ ಬರೆಯಿರಿ. ಅಲ್ಯೂಮಿನಿಯಂ ಫ್ರೇಮು, ನಡುವೆ ಫೋಮ್ ಇರುವ ಹಗುರ ಗೋಡೆ ಅಂತ ಇಟ್ಟುಕೊಂಡರೂ ಖಾಲಿ ಪೆಟ್ಟಿಗೆಗೇ 180 ಕೆಜಿ ಹಿಡಿಯಿರಿ. ಹಾಸಿಗೆ 25. ಒಲೆ, ಕಟ್ಟೆ, ಪಾತ್ರೆ 30. ನೀರು 60 ಲೀಟರ್ ಅಂದರೆ ಟ್ಯಾಂಕ್ ಸೇರಿ 65. ಲಿಥಿಯಂ ಬ್ಯಾಟರಿ, ಸೋಲಾರ್ ಪ್ಯಾನೆಲ್, ವೈರು 35. 5 ಕೆಜಿಯ ಸಿಲಿಂಡರ್ ತುಂಬಿದಾಗ 13. ಬಟ್ಟೆ, ಅಕ್ಕಿ, ಬೇಳೆ, ಅವಲಕ್ಕಿ 70. ಜಾಕು, ಹಗ್ಗ, ಇನ್ನೊಂದು ಸ್ಟೆಪ್ನಿ 40. ಇಷ್ಟಕ್ಕೇ 458 ಆಯಿತು. ನೀವಿಬ್ಬರೂ ಸೇರಿದರೆ ಸುಮಾರು 600. ಇದರಲ್ಲಿ ಹಠ ಮಾಡಿ ಹಗುರ ಮಾಡಿದ ಮನೆಯ ಲೆಕ್ಕವೇ ಇರುವುದು. ಮನೆಯ ಇನ್ವರ್ಟರ್‌ಗೆ ಇಡುವಂಥ ಟ್ಯೂಬ್ಯುಲರ್ ಬ್ಯಾಟರಿ ಇಟ್ಟರೆ ಅದೊಂದೇ 50 ಕೆಜಿ ದಾಟುತ್ತದೆ. ಬಡಗಿಯ ಮಾತು ಕೇಳಿ 18 ಎಂಎಂ ಪ್ಲೈವುಡ್ ಹಾಕಿಸಿದರೆ ಎಂಟು ಅಡಿಗೆ ನಾಲ್ಕು ಅಡಿಯ ಒಂದು ಶೀಟೇ 35 ಕೆಜಿ ಆಸುಪಾಸು ತೂಗುತ್ತದೆ. ಅಂಥ ಎಂಟು ಶೀಟು ಹೋದರೆ ಏನಾಗುತ್ತೆ, ನೀವೇ ಗುಣಿಸಿ.

ಈಗ ಗಾಡಿಯ ಆರ್‌ಸಿ ನೋಡಿ. ಖಾಲಿ ಗಾಡಿಯ ತೂಕ ಒಂದು, ಎಲ್ಲ ತುಂಬಿದ ಮೇಲೆ ಇರಬಹುದಾದ ಒಟ್ಟು ತೂಕ ಇನ್ನೊಂದು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಉಳಿಯುವುದಷ್ಟೇ ನಿಮ್ಮ ಪಾಲು. ಹೈಲಕ್ಸ್, ವಿ-ಕ್ರಾಸ್ ಥರದ ಐದು ಸೀಟಿನ ಗತ್ತಿನ ಪಿಕಪ್‌ಗಳಲ್ಲಿ ನಮ್ಮ ದೇಶದ ಕಾಗದದ ಪ್ರಕಾರ ಉಳಿಯುವ ಪಾಲು ಒಂದು ಟನ್ನಿನ ಹತ್ತಿರಕ್ಕೂ ಬರುವುದಿಲ್ಲ. ಹೊರದೇಶದವರ ವಿಡಿಯೊ ನೋಡಿ "ಅವರು ಇದೇ ಗಾಡಿಗೆ ಕಟ್ಟಿದ್ದಾರಲ್ಲ" ಅನ್ನಬೇಡಿ. ಅಲ್ಲಿನ ಕಾಗದವೇ ಬೇರೆ. ಸಾಮಾನು ಸಾಗಿಸಲೆಂದೇ ಮಾಡಿದ ಬೊಲೆರೊ ಪಿಕಪ್, ಯೋಧ, ಎಸ್-ಕ್ಯಾಬ್ ಥರದವುಗಳಲ್ಲಿ ಆ ಪಾಲು ಒಂದು ಟನ್ ಮೇಲೇ ಇರುತ್ತದೆ. ಸೀಟು ಮೆತ್ತಗಿರಲ್ಲ, ಬೆನ್ನು ಸ್ವಲ್ಪ ನೋಯುತ್ತೆ. ಆದರೂ ನನ್ನ ಓಟು ಇವಕ್ಕೇ.

ಇಲ್ಲಿಗೆ ಬರುವ ಹೊತ್ತಿಗೆ ಯಾರಾದರೂ ಒಬ್ಬರು ಟೊಮೆಟೊ ತಂದೇ ತರುತ್ತಾರೆ. "ಸಾರ್, ಕೋಲಾರದಿಂದ ಇದೇ ಪಿಕಪ್‌ನಲ್ಲಿ ಎರಡೂವರೆ ಟನ್ ಟೊಮೆಟೊ ಹೋಗುತ್ತೆ. ಎರಡು ಪ್ಲೇಟ್ ಜಾಸ್ತಿ ಹಾಕ್ಸಿರ್ತಾರೆ ಅಷ್ಟೇ. ನಿಮ್ಮ ಮನೆ ಯಾವ ಲೆಕ್ಕ?"

ಹೋಗುತ್ತೆ, ಇಲ್ಲ ಅನ್ನಲ್ಲ. ಆದರೆ ಟೊಮೆಟೊ ಮಾರ್ಕೆಟ್ಟಿನಲ್ಲಿ ಇಳಿಯುತ್ತೆ. ಗಾಡಿ ಖಾಲಿಯಾಗಿ ವಾಪಸ್ ಬರುತ್ತೆ. ನಿಮ್ಮ ಮನೆ ಇಳಿಯುವುದಿಲ್ಲ. ಅದು ನಿಂತಾಗಲೂ ಅಲ್ಲೇ, ನೀವು ಮಲಗಿದಾಗಲೂ ಅಲ್ಲೇ, ಹಳ್ಳ ಹತ್ತಿ ಇಳಿಯುವಾಗಲೂ ಅಲ್ಲೇ. ಟೊಮೆಟೊ ಗಾಡಿ ಓಡುವುದು ಗೊತ್ತಿರುವ ರಸ್ತೆಯಲ್ಲಿ. ಬೇರಿಂಗ್ ಹೋದರೆ ಹತ್ತು ಕಿಲೋಮೀಟರ್‌ನಲ್ಲಿ ಮೆಕ್ಯಾನಿಕ್ ಸಿಗುತ್ತಾನೆ. ನೀವು ಹೊರಟಿರುವುದು ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯ ನಿರ್ಜನ ಸರ್ಚುವಿನ ಕಡೆಗೆ.

ಇನ್ನು ಪ್ಲೇಟಿನ ವಿಷಯ. ಪ್ಲೇಟ್ ಮಾಡುವುದು ಒಂದೇ ಕೆಲಸ: ಗಾಡಿಯ ಹಿಂಭಾಗ ಕುಸಿಯದಂತೆ ಎತ್ತಿ ಹಿಡಿಯುತ್ತದೆ. ಕಣ್ಣಿಗೆ ಗಾಡಿ ನೆಟ್ಟಗೆ ಕಾಣುತ್ತದೆ. ಹಾಕಿದವರಿಗೂ ಹಾಕಿಸಿಕೊಂಡವರಿಗೂ ಸಮಾಧಾನ. ಆದರೆ ಕಂಪನಿಯವರು ಒಟ್ಟು ತೂಕ ಬರೆಯುವಾಗ ಬರೀ ಸ್ಪ್ರಿಂಗ್ ನೋಡಿ ಬರೆದಿರುವುದಿಲ್ಲ. ಆಕ್ಸಲ್, ಬೇರಿಂಗ್, ಬ್ರೇಕು, ಟೈರು, ಗಾಡಿಯ ಅಡಿ ಚೌಕಟ್ಟಾದ ಛಾಸಿ, ಇವೆಲ್ಲವುಗಳಲ್ಲಿ ಯಾವುದು ಎಲ್ಲಕ್ಕಿಂತ ಮೊದಲು ಸೋಲುತ್ತೋ ಅದರ ಮೇಲೆ ಆ ಅಂಕಿ ನಿಂತಿರುತ್ತದೆ. ನೀವು ಪ್ಲೇಟ್ ಹಾಕಿಸಿದಾಗ ಬ್ರೇಕ್ ಡ್ರಮ್ ದೊಡ್ಡದಾಯಿತಾ? ಟೈರು ಗಟ್ಟಿಯಾಯಿತಾ? ಟೈರಿನ ಪಕ್ಕದಲ್ಲಿ ಅಳತೆಯ ಮುಂದೆ ಒಂದು ಅಂಕಿ ಇರುತ್ತೆ, ನೋಡಿ. 110 ಅಂತಿದ್ದರೆ ಆ ಒಂದು ಟೈರು ಹೊರಬಹುದಾದದ್ದು 1060 ಕೆಜಿ. ಪ್ಲೇಟ್ ಹಾಕಿಸಿದ ಮೇಲೂ ಅದು 110 ಆಗಿಯೇ ಇರುತ್ತೆ.

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಇದನ್ನು ಪ್ಲೇಟ್ ಹಾಕುವವರಲ್ಲೇ ಎಷ್ಟೋ ಜನ ಹೇಳುವುದಿಲ್ಲ. ಬಹಳಷ್ಟು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಛಾಸಿಗೂ ನಡುವೆ ಒಂದು ಕಡ್ಡಿ, ಅದರ ತುದಿಗೆ ಒಂದು ವಾಲ್ವ್ ಇರುತ್ತದೆ. ಎಲ್‌ಎಸ್‌ಪಿವಿ ಅಂತಾರೆ. ಭಾರ ಬಿದ್ದಾಗ ಗಾಡಿ ಕುಸಿಯುತ್ತದಲ್ಲ, ಆ ಕುಸಿತ ನೋಡಿ "ಓಹೋ, ಲೋಡ್ ಇದೆ" ಅಂತ ಹಿಂದಿನ ಚಕ್ರಗಳಿಗೆ ಜಾಸ್ತಿ ಬ್ರೇಕ್ ಕೊಡುತ್ತದೆ. ನೀವು ಪ್ಲೇಟ್ ಹಾಕಿಸಿ ಗಾಡಿಯನ್ನು ಎತ್ತಿಬಿಟ್ಟಿರಿ. ವಾಲ್ವ್ ಪಾಪ ಏನು ಮಾಡಬೇಕು? ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಬ್ರೇಕು ಜಾಸ್ತಿ ಬೇಕಿದ್ದ ಹೊತ್ತಿಗೇ ಕಡಿಮೆ ಸಿಗುತ್ತದೆ. ಮುಂದಿನ ಬ್ರೇಕ್ ಒಂದೇ ಎಲ್ಲ ಎಳೆದು ಬಿಸಿಯಾಗುತ್ತದೆ. ಆಗುಂಬೆಯ ಹದಿನಾಲ್ಕು ತಿರುವು ಇಳಿಯುವಾಗ ಪೆಡಲ್ ಮೆತ್ತಗಾದರೆ ಆ ಎರಡು ಪ್ಲೇಟ್ ನೆನಪಿಸಿಕೊಳ್ಳಿ.

ಹಾಗಾದರೆ ಪ್ಲೇಟ್ ಹಾಕಿಸಲೇಬಾರದಾ? ಒಟ್ಟು ತೂಕದ ಮಿತಿಯೊಳಗೇ ಇದ್ದು, ಮನೆ ಸದಾ ಮೇಲಿರುವುದರಿಂದ ಹಿಂದೆ ಸ್ವಲ್ಪ ಕುಸಿದಿದೆ ಅಂದರೆ ಒಂದು ಹಾಕಿಸಬಹುದು. ಆ ವಾಲ್ವಿನ ಕಡ್ಡಿಯನ್ನೂ ಗೊತ್ತಿದ್ದವರ ಕೈಯಲ್ಲಿ ಸರಿ ಮಾಡಿಸಬೇಕು. ಮಿತಿ ದಾಟಿದ್ದನ್ನು ಮುಚ್ಚಿಡೋಕೆ ಅಂತ ಬೇಡ.

ಮನೆ ಮುಗಿದ ಮೇಲೆ, ನೀರು ತುಂಬಿಸಿ, ಸಾಮಾನು ಹೇರಿ, ಇಬ್ಬರೂ ಕೂತು, ಹೆದ್ದಾರಿ ಪಕ್ಕದ, ಲಾರಿ ತೂಗುವ ವೇಬ್ರಿಡ್ಜ್‌ಗೆ ಹೋಗಿ ಕಾಟ ಹಾಕಿಸಿ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಆಮೇಲೆ ಪೂರ್ತಿ ಗಾಡಿಗೆ ಇನ್ನೊಂದು. ಲೋಡೇ ಕಾಣದ ಗಾಡಿಗೆ ಯಾಕೆ ಕಾಟ ಅಂತ ಅಲ್ಲಿನವರು ನಗುತ್ತಾರೆ. ನಗಲಿ. ಮುಂದಿನ ಚಕ್ರದ ಅಂಕಿ ಯಾಕೆ ಬೇಕು ಅಂದರೆ, ಹಿಂದಿನ ಆಕ್ಸಲ್‌ನಿಂದ ಆಚೆ ಇಟ್ಟ ಭಾರ ಏತದ ಹಾಗೆ ಮುಂಭಾಗವನ್ನು ಎತ್ತುತ್ತದೆ. ಎರಡು ಆಕ್ಸಲ್ ನಡುವೆ 3 ಮೀಟರ್ ಇದೆ ಅನ್ನಿ. ಹಿಂದಿನ ಆಕ್ಸಲ್‌ನಿಂದ 1 ಮೀಟರ್ ಆಚೆ 100 ಕೆಜಿ ಇಟ್ಟರೆ ಮುಂದಿನ ಚಕ್ರಗಳ ಮೇಲೆ 33 ಕೆಜಿ ಕಡಿಮೆಯಾಗಿ, ಹಿಂದೆ 133 ಬೀಳುತ್ತದೆ. ಸ್ಟೇರಿಂಗ್ ಹಗುರ ಆಯಿತಲ್ಲ ಅಂತ ಖುಷಿಪಟ್ಟವರನ್ನು ನೋಡಿದ್ದೇನೆ. ಮಳೆಯಲ್ಲಿ ತಿರುವು ಬಂದಾಗ ಆ ಖುಷಿ ಇರಲ್ಲ. ನೀರಿನ ಟ್ಯಾಂಕು, ಬ್ಯಾಟರಿ ಎರಡೂ ಕ್ಯಾಬಿನ್ ಬೆನ್ನಿಗೆ ಅಂಟಿಕೊಂಡಂತೆ, ಕೆಳಗೆ ಇರಲಿ.

ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಕ್ಯಾಬಿನ್‌ಗೆ ಬಿಗಿಯಬೇಡಿ. ಪಿಕಪ್‌ನ ಕ್ಯಾಬಿನ್‌ಗೂ ಹಿಂದಿನ ತೊಟ್ಟಿಗೂ ನಡುವೆ ಸಂದು ಬಿಟ್ಟಿರುವುದು ಛಾಸಿ ತಿರುಚಲಿ ಅಂತಲೇ. ಹಳ್ಳ ದಾಟುವಾಗ ಆ ಸಂದು ಓರೆಯಾಗುವುದನ್ನು ಪಕ್ಕದಲ್ಲಿ ನಿಂತು ಒಮ್ಮೆ ನೋಡಿದರೆ ಸಾಕು.

ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ 4x4 ಬೇಕಾ? ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಲೇಹ್ ಮುಟ್ಟಬಹುದು. ಟೈರು ಚೆನ್ನಾಗಿರಲಿ.

ಕಾನೂನು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆ ಆಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಮೋಟಾರ್ ಕ್ಯಾರವಾನ್‌ಗಳಿಗೆ, ಅಂದರೆ ಇಂಥ ಮನೆ-ಗಾಡಿಗಳಿಗೆ, ಎಐಎಸ್-124 ಅಂತ ಪ್ರತ್ಯೇಕ ಮಾನದಂಡವೇ ಇದೆ. ಕಟ್ಟುವವರನ್ನು ಮೊದಲ ದಿನವೇ ಕೇಳಿ: ಇದರ ಪ್ರಕಾರ ಒಪ್ಪಿಗೆ ಇದೆಯಾ? "ಅದೆಲ್ಲ ನಡೆಯುತ್ತೆ ಸಾರ್" ಅಂದರೆ ಎದ್ದು ಬನ್ನಿ. ಓಡುವಾಗ ಹಿಂದಿನ ಪೆಟ್ಟಿಗೆಯಲ್ಲಿ ಯಾರೂ ಇರಬಾರದು ಅನ್ನುವುದನ್ನೂ ಹೇಳಬೇಕಾಗಿ ಬಂದಿದೆ, ಏನು ಮಾಡುವುದು.

ನೀವು ಕೇಳಲಿಲ್ಲ, ಆದರೂ ಸಿಲಿಂಡರ್ ಬಗ್ಗೆ ಹೇಳಿಬಿಡುತ್ತೇನೆ. ನಮ್ಮ ಅಡುಗೆ ಗ್ಯಾಸ್‌ನಲ್ಲಿ ಬ್ಯೂಟೇನ್ ಪಾಲು ದೊಡ್ಡದು. ಬ್ಯೂಟೇನ್ ಆವಿಯಾಗುವುದು ಸೊನ್ನೆಯ ಆಸುಪಾಸಿನಲ್ಲಿ, ಸರಿಯಾಗಿ ಹೇಳಬೇಕೆಂದರೆ ಮೈನಸ್ 0.5 ಡಿಗ್ರಿಯಲ್ಲಿ. ಅದಕ್ಕಿಂತ ಚಳಿಯಾದರೆ ಅದು ದ್ರವವಾಗಿಯೇ ಕೂತಿರುತ್ತದೆ. ಸಿಲಿಂಡರ್ ಅಲ್ಲಾಡಿಸಿದರೆ ಗುಳುಗುಳು ಅನ್ನುತ್ತೆ, ಒಲೆ ಮಾತ್ರ ಮಿಣಿಮಿಣಿ. ಲಡಾಖ್‌ನಲ್ಲಿ ಅಕ್ಟೋಬರ್ ಬೆಳಗಿನ ಕಾಫಿಗೆ ಇದು ದೊಡ್ಡ ಕಷ್ಟ. ಕೆಲವರು ಸಿಲಿಂಡರನ್ನೇ ಒಳಗೆ ತಂದು, ಚಳಿಗೆ ಅಂತ ಒಲೆ ಹಚ್ಚಿಟ್ಟು, ಬಾಗಿಲು ಹಾಕಿ ಮಲಗುತ್ತಾರೆ. ದಯವಿಟ್ಟು ಬೇಡ. ಲೇಹ್ ಇರುವುದು 3500 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗ ಅಷ್ಟೇ. ಮುಚ್ಚಿದ ಪೆಟ್ಟಿಗೆಯಲ್ಲಿ ಉರಿ ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ. ಮಲಗಿದವರಿಗೆ ಎಚ್ಚರ ಆಗುವುದಿಲ್ಲ. ಚಳಿಗೆ ದಪ್ಪ ರಜಾಯಿ ಇರಲಿ, ಇಲ್ಲವೇ ಹೊರಗಿನ ಗಾಳಿಯನ್ನೇ ಎಳೆದುಕೊಂಡು ಹೊಗೆಯನ್ನು ಹೊರಗೇ ಬಿಡುವ ಡೀಸೆಲ್ ಹೀಟರ್ ಇರಲಿ. ಮೇಲೊಂದು, ಕೆಳಗೊಂದು ಗಾಳಿಕಿಂಡಿ ಸದಾ ತೆರೆದಿರಲಿ.

ಸಿಲಿಂಡರ್‌ಗೆ ಒಳಗಿನಿಂದ ಪೂರ್ತಿ ಮುಚ್ಚಿದ, ಬಾಗಿಲು ಹೊರಗಡೆ ಇರುವ ಗೂಡು ಮಾಡಿಸಿ. ಅದರ ತಳದಲ್ಲಿ ಹೊರಗೆ ತೆರೆಯುವ ತೂತು ಬೇಕು. ಈ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೇಳುವುದಿಲ್ಲ, ಕೆಳಗೆ ಇಳಿದು ತುಂಬಿಕೊಳ್ಳುತ್ತದೆ. ನನ್ನ ಮೊದಲ ಪೆಟ್ಟಿಗೆಯಲ್ಲಿ ತೂತನ್ನು ಮೇಲ್ಗಡೆ ಕೊರೆಸಿದ್ದೆ. ಕೊರೆದವರೂ ಏನೂ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಎರಡು ವರ್ಷ ಹಾಗೇ ಓಡಾಡಿದ್ದೇವೆ.