ಮತ ವಿಭಜನೆ ಎಂದರೇನು? ಶಾಸಕರ ಮತದ ದಾಖಲೆ ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ

‘ವಿರೋಧ ಪಕ್ಷಗಳ ಗದ್ದಲದ ನಡುವೆ ಮಸೂದೆಗೆ ಧ್ವನಿಮತದ ಅಂಗೀಕಾರ.’ ಅಧಿವೇಶನ ನಡೆಯುವ ದಿನಗಳಲ್ಲಿ ಪತ್ರಿಕೆಯಲ್ಲಿ ಈ ಸಾಲು ತಪ್ಪುವುದೇ ಇಲ್ಲ. ಇದನ್ನು ಓದಿ, ನಮ್ಮ ಕ್ಷೇತ್ರದ ಶಾಸಕರು ಆ ಮಸೂದೆಯ ಪರ ಇದ್ದರೋ ವಿರುದ್ಧ ಇದ್ದರೋ ಎಂದು ಹುಡುಕಲು ಹೊರಟವರಿಗೆ ಎಲ್ಲೂ ಉತ್ತರ ಸಿಗುವುದಿಲ್ಲ. ಯಾರೋ ಮುಚ್ಚಿಟ್ಟಿದ್ದಾರೆ ಎಂದಲ್ಲ, ಅಂಥ ದಾಖಲೆ ಹುಟ್ಟಿಯೇ ಇರುವುದಿಲ್ಲ. ಅದು ಹುಟ್ಟುವುದು ಮತ ವಿಭಜನೆಯಾದಾಗ. ಸುದ್ದಿಯಲ್ಲಿ ‘ಡಿವಿಷನ್’ ಎಂದು ಬರುವುದೂ ಇದೇ.

ಸದನದ ಮುಂದಿರುವ ಪ್ರಶ್ನೆಯೊಂದಕ್ಕೆ ಪರ ಯಾರು, ವಿರುದ್ಧ ಯಾರು, ತಟಸ್ಥರು ಯಾರು ಎಂದು ಸದಸ್ಯರನ್ನು ಬೇರ್ಪಡಿಸಿ ಲೆಕ್ಕ ಹಾಕುವುದೇ ಮತ ವಿಭಜನೆ. ಧ್ವನಿಮತದಲ್ಲಿ ಲೆಕ್ಕವಿಲ್ಲ. ಸಭಾಧ್ಯಕ್ಷರು ಪ್ರಸ್ತಾವವನ್ನು ಮತಕ್ಕೆ ಹಾಕುತ್ತಾರೆ, ಪರ ಇರುವವರು ‘ಹೌದು’ ಎನ್ನುತ್ತಾರೆ, ವಿರುದ್ಧ ಇರುವವರು ‘ಇಲ್ಲ’ ಎನ್ನುತ್ತಾರೆ, ಯಾವ ಕಡೆ ದನಿ ಹೆಚ್ಚು ಎಂದು ಪೀಠಕ್ಕೆ ಅನಿಸಿತೋ ಅದೇ ತೀರ್ಮಾನ. ಕೂಗಿದವರ ಹೆಸರಿಲ್ಲ, ಸಂಖ್ಯೆಯೂ ಇಲ್ಲ. ಸಂವಿಧಾನದ 100ನೇ ವಿಧಿ ಸಂಸತ್ತಿಗೂ 189ನೇ ವಿಧಿ ರಾಜ್ಯ ಶಾಸನಸಭೆಗಳಿಗೂ ಹೇಳುವುದು ಇಷ್ಟೇ: ಹಾಜರಿದ್ದು ಮತ ಹಾಕಿದವರ ಬಹುಮತದಿಂದ ತೀರ್ಮಾನವಾಗಬೇಕು. ಆ ಬಹುಮತವನ್ನು ಹೇಗೆ ಅಳೆಯಬೇಕು ಎಂಬುದನ್ನು ಆಯಾ ಸದನದ ನಿಯಮಾವಳಿಗೆ ಬಿಟ್ಟಿದ್ದಾರೆ.

ಲೋಕಸಭೆಯಲ್ಲಿ ಇದು 367ನೇ ನಿಯಮದ ಪ್ರಕಾರ ನಡೆಯುತ್ತದೆ. ಧ್ವನಿಮತದ ಫಲಿತಾಂಶವನ್ನು ಒಪ್ಪದ ಸದಸ್ಯರು ‘ಡಿವಿಷನ್ ಬೇಕು’ ಎನ್ನುತ್ತಾರೆ. ಆಗ ಸ್ಪೀಕರ್ ಲಾಬಿ (ಸದನದ ಸುತ್ತಲಿನ ಪಡಸಾಲೆ) ತೆರವು ಮಾಡಲು ಹೇಳುತ್ತಾರೆ. ಗಂಟೆ ಬಾರಿಸುತ್ತದೆ. ಗ್ರಂಥಾಲಯದಲ್ಲೋ ಕ್ಯಾಂಟೀನಿನಲ್ಲೋ ಇರುವ ಸದಸ್ಯರು ಓಡೋಡಿ ಬಂದು ಕೂರಲು ಸಿಗುವ ಸಮಯ ಮೂರೂವರೆ ನಿಮಿಷ. ಆಮೇಲೆ ಪ್ರಶ್ನೆಯನ್ನು ಎರಡನೇ ಬಾರಿ ಮತಕ್ಕೆ ಹಾಕಲಾಗುತ್ತದೆ. ಮತ್ತೆ ಆಕ್ಷೇಪ ಬಂದರೆ ಮೂರು ದಾರಿಗಳಿವೆ: ಮೇಜಿನ ಯಂತ್ರದಲ್ಲಿ ಮತ, ಚೀಟಿಯಲ್ಲಿ ಮತ, ಇಲ್ಲವೇ ಸದಸ್ಯರು ಲಾಬಿಗಳಿಗೆ ನಡೆದುಹೋಗಿ ಎಣಿಸಿಕೊಳ್ಳುವುದು. ಯಂತ್ರದಲ್ಲಾದರೆ ಹಸಿರು ಗುಂಡಿ ಪರ, ಕೆಂಪು ವಿರುದ್ಧ, ಹಳದಿ ತಟಸ್ಥ.

ಇದೇ ನಿಯಮದಲ್ಲಿ ಸಣ್ಣ ಕಿಂಡಿಯೊಂದಿದೆ, ಅದು ಗೊತ್ತಿರಲೇಬೇಕು. ವಿಭಜನೆಯನ್ನು ಅನಗತ್ಯವಾಗಿ ಕೇಳುತ್ತಿದ್ದಾರೆ ಎಂದು ಸ್ಪೀಕರ್‌ಗೆ ಅನಿಸಿದರೆ ಪರ–ವಿರುದ್ಧ ಇರುವವರನ್ನು ಇದ್ದಲ್ಲೇ ಎದ್ದು ನಿಲ್ಲಲು ಹೇಳಿ ತಲೆ ಎಣಿಸಿ ಮುಗಿಸಬಹುದು. ಆಗ ಹೆಸರುಗಳು ದಾಖಲಾಗುವುದಿಲ್ಲ. ಇನ್ನೊಂದು ತೊಡಕೆಂದರೆ, ವಿಭಜನೆ ಕೇಳುವವರು ತಮ್ಮ ಆಸನದಲ್ಲಿರಬೇಕು. ಸದನದ ಬಾವಿಗಿಳಿದು ಘೋಷಣೆ ಕೂಗುತ್ತಲೇ ವಿಭಜನೆ ಕೇಳಿದರೆ ಪೀಠ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೇ ಹೋಗಬಹುದು. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಧ್ವನಿಮತದಲ್ಲಿ ಅಂಗೀಕಾರವಾದಾಗ ಎದ್ದ ವಿವಾದದ ತಿರುಳೇ ಇದು. ವಿಭಜನೆ ಕೇಳಿದ್ದೆವು ಎಂದು ವಿಪಕ್ಷಗಳು ಹೇಳಿದವು, ಸದಸ್ಯರು ಆಸನದಲ್ಲಿರಲಿಲ್ಲ ಎಂದು ಪೀಠ ಹೇಳಿತು. ದೇಶದ ರೈತರೆಲ್ಲ ಮಾತಾಡಿದ ಆ ಕಾನೂನುಗಳಿಗೆ ರಾಜ್ಯಸಭೆಯಲ್ಲಿ ಯಾರು ಹೇಗೆ ಮತ ಹಾಕಿದರು ಎಂಬ ಪಟ್ಟಿ ಇಂದಿಗೂ ಇಲ್ಲ. ಅಷ್ಟು ದೊಡ್ಡ ವಿಷಯಕ್ಕೆ ಇದು ನಿಜಕ್ಕೂ ನಷ್ಟ.

ಸಂವಿಧಾನ ತಿದ್ದುಪಡಿ ಮಸೂದೆಗೆ ಮಾತ್ರ ಧ್ವನಿಮತ ಸಾಲದು. 368ನೇ ವಿಧಿಯ ಪ್ರಕಾರ ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಮತ ಬೇಕು, ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೇಕು. ಇದು ಎಣಿಸದೆ ಗೊತ್ತಾಗುವ ಸಂಗತಿಯಲ್ಲ. ಹಾಗಾಗಿಯೇ ಮಹಿಳಾ ಮೀಸಲಾತಿ ಮಸೂದೆಗೆ 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ 454–2, ಮರುದಿನ ರಾಜ್ಯಸಭೆಯಲ್ಲಿ 214–0 ಎಂಬ ಖಚಿತ ಲೆಕ್ಕ ಸಿಗುತ್ತದೆ.

ಕರ್ನಾಟಕದ ವಿಧಾನಸಭೆ ಈ ಎರಡು ಕ್ರಮಗಳ ಅಂತರವನ್ನು ಬಹಳ ಹತ್ತಿರದಿಂದ ಕಂಡಿದೆ. 2010ರ ಅಕ್ಟೋಬರ್ 11ರಂದು ಬಿ.ಎಸ್. ಯಡಿಯೂರಪ್ಪ ಸರ್ಕಾರ ಗದ್ದಲದ ನಡುವೆ ಧ್ವನಿಮತದಲ್ಲಿ ವಿಶ್ವಾಸ ಗೆದ್ದಿತು ಎಂದು ಘೋಷಿಸಲಾಯಿತು. ಮತಕ್ಕೆ ಮೊದಲೇ ಸಭಾಧ್ಯಕ್ಷ ಕೆ.ಜಿ. ಬೋಪಯ್ಯ 16 ಶಾಸಕರನ್ನು ಅನರ್ಹಗೊಳಿಸಿದ್ದರು. ಆ ಫಲಿತಾಂಶವನ್ನು ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಒಪ್ಪಲಿಲ್ಲ. ಮೂರೇ ದಿನದಲ್ಲಿ, ಅಕ್ಟೋಬರ್ 14ರಂದು, ಮತ್ತೆ ವಿಶ್ವಾಸಮತ ಯಾಚಿಸಬೇಕಾಯಿತು. ಆಗ ಎಣಿಸಿದರು: 106–100. ಎಣಿಕೆಯಾದ ಮೇಲೆ ಸಂಖ್ಯೆಯ ಬಗ್ಗೆ ತಕರಾರು ಉಳಿಯಲಿಲ್ಲ. ತಕರಾರು ಉಳಿದದ್ದು ಅನರ್ಹತೆಯ ಬಗ್ಗೆ, ಅದನ್ನು 2011ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು.

2019ರ ಜುಲೈ ಇನ್ನೂ ಸ್ಪಷ್ಟ. 23ರಂದು ಎಚ್.ಡಿ. ಕುಮಾರಸ್ವಾಮಿ ಅವರ ವಿಶ್ವಾಸಮತವನ್ನು ಸಾಲುಸಾಲಾಗಿ ಎದ್ದು ನಿಲ್ಲಿಸಿ ತಲೆ ಎಣಿಸಿದರು. ಪರ 99, ವಿರುದ್ಧ 105. ಇಪ್ಪತ್ತು ಮಂದಿ ಶಾಸಕರು ಸದನಕ್ಕೇ ಬಂದಿರಲಿಲ್ಲ, ಹಾಗಾಗಿ ಬಹುಮತದ ಗೆರೆ ಒಟ್ಟು ಸದಸ್ಯಬಲದ ಮೇಲಲ್ಲ, ಮತ ಹಾಕಿದ 204 ಜನರ ಮೇಲೆ ಬಿತ್ತು. ಗೈರುಹಾಜರಿ ಎಷ್ಟು ದೊಡ್ಡ ಮತ ಎಂಬುದು ಇಲ್ಲಿ ಕಾಣುತ್ತದೆ. ಆರು ದಿನ ಕಳೆದು 29ರಂದು ಯಡಿಯೂರಪ್ಪ ವಿಶ್ವಾಸಮತ ಕೇಳಿದಾಗ ವಿಪಕ್ಷ ವಿಭಜನೆಗೆ ಪಟ್ಟು ಹಿಡಿಯಲಿಲ್ಲ, ಧ್ವನಿಮತದಲ್ಲೇ ಮುಗಿಯಿತು. ಒಂದೇ ಸದನ, ಒಂದೇ ವಾರ, ಒಂದೇ ಬಗೆಯ ಪ್ರಶ್ನೆ. ಒಂದಕ್ಕೆ ಲೆಕ್ಕವಿದೆ, ಇನ್ನೊಂದಕ್ಕಿಲ್ಲ.

ಈಗ, ವಿಭಜನೆಯಾದ ಪ್ರಶ್ನೆಯ ದಾಖಲೆ ಓದುವುದು ಹೇಗೆ? ಲೋಕಸಭೆಯ ಜಾಲತಾಣದಲ್ಲಿ ಆ ದಿನಾಂಕದ ಚರ್ಚೆಯ ಪೂರ್ಣ ನಡವಳಿ ತೆರೆದರೆ ವಿಭಜನೆಯ ಸಂಖ್ಯೆ, ಸಮಯ, ಆಮೇಲೆ ‘ಹೌದು’ ಎಂದವರ ಹೆಸರುಗಳು, ‘ಇಲ್ಲ’ ಎಂದವರ ಹೆಸರುಗಳು ಸಾಲಾಗಿ ಸಿಗುತ್ತವೆ. ಕೊನೆಯಲ್ಲಿರುವ ಸಣ್ಣ ಟಿಪ್ಪಣಿಯನ್ನು ಬಿಡಬೇಡಿ. ಯಂತ್ರ ಕೆಲಸ ಮಾಡದವರು, ತಪ್ಪು ಗುಂಡಿ ಒತ್ತಿದವರು ಚೀಟಿ ಕೊಟ್ಟು ಸರಿಪಡಿಸಿಕೊಂಡ ವಿವರ ಅಲ್ಲಿರುತ್ತದೆ. 2024ರ ಡಿಸೆಂಬರ್ 17ರಂದು ‘ಒಂದು ದೇಶ, ಒಂದು ಚುನಾವಣೆ’ಯ ಸಂವಿಧಾನ ತಿದ್ದುಪಡಿ ಮಸೂದೆಯನ್ನು ಮಂಡಿಸುವಾಗ ಹೊಸ ಸಂಸತ್ ಭವನದ ಲೋಕಸಭೆಯಲ್ಲಿ ಮೊದಲ ಬಾರಿಗೆ ಯಂತ್ರದಲ್ಲಿ ಮತ ಹಾಕಲಾಯಿತು. ಪರದೆಯ ಮೇಲೆ ಬಂದದ್ದು 220–149. ಚೀಟಿಗಳೂ ಸೇರಿದ ಮೇಲೆ ಆದದ್ದು 269–198. ಪರದೆಯ ಫೋಟೊ ಹಿಡಿದು ‘ನಮ್ಮ ಸಂಸದರು ಮತವನ್ನೇ ಹಾಕಿಲ್ಲ’ ಎಂದು ಬರೆದವರೆಲ್ಲ ಎಡವುವುದು ಇಲ್ಲೇ.

ಅದೇ ಉದಾಹರಣೆಯಲ್ಲಿ ಇನ್ನೊಂದನ್ನೂ ಗಮನಿಸಬೇಕು. ಅಂದು ಮತಕ್ಕೆ ಬಿದ್ದದ್ದು ಮಸೂದೆಯಲ್ಲ, ಮಸೂದೆಯನ್ನು ಮಂಡಿಸಲು ಅನುಮತಿ. ಅದಕ್ಕೆ ಸರಳ ಬಹುಮತ ಸಾಕು. ಅಂಗೀಕಾರದ ಹಂತವಾಗಿದ್ದರೆ ಮತ ಹಾಕಿದ 467ರಲ್ಲಿ ಮೂರನೇ ಎರಡು, ಅಂದರೆ 312 ಬೇಕಿತ್ತು. ಒಂದು ಮಸೂದೆಯ ಮೇಲೆ ಮಂಡನೆ, ಪರಿಶೀಲನೆ, ಒಂದೊಂದೇ ತಿದ್ದುಪಡಿ, ಒಂದೊಂದೇ ಖಂಡ, ಕೊನೆಗೆ ಅಂಗೀಕಾರ ಹೀಗೆ ಹಲವು ಬಾರಿ ಮತ ನಡೆಯಬಹುದು. ತಿದ್ದುಪಡಿಯೊಂದನ್ನು ವಿರೋಧಿಸಿದವರು ಮಸೂದೆಯ ಪರ ಇರಬಹುದು. ಹೆಸರಿನ ಪಟ್ಟಿ ನೋಡುವ ಮುನ್ನ ಅದರ ಮೇಲಿರುವ ಪ್ರಶ್ನೆಯನ್ನು ಓದಿ.

ಪಟ್ಟಿಯಲ್ಲಿ ಹೆಸರಿಲ್ಲ ಎಂದಾಕ್ಷಣ ಜವಾಬ್ದಾರಿ ತಪ್ಪಿಸಿಕೊಂಡರು ಎನ್ನುವಂತೆಯೂ ಇಲ್ಲ. ಪೀಠದಲ್ಲಿರುವ ಸಭಾಧ್ಯಕ್ಷರು ಮತ ಸಮವಾದಾಗ ಮಾತ್ರ ನಿರ್ಣಾಯಕ ಮತ ಹಾಕುತ್ತಾರೆ. ಮಂತ್ರಿಗಳು ಎರಡೂ ಸದನಗಳಲ್ಲಿ ಮಾತಾಡಬಹುದು, ಆದರೆ ಮತ ತಮ್ಮ ಸದನದಲ್ಲಿ ಮಾತ್ರ. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿರುವ ನಿರ್ಮಲಾ ಸೀತಾರಾಮನ್ ಲೋಕಸಭೆಯಲ್ಲಿ ಬಜೆಟ್ ಮಂಡಿಸಿದರೂ ಅಲ್ಲಿ ಹಣಕಾಸು ಮಸೂದೆಗೆ ಮತ ಹಾಕುವಂತಿಲ್ಲ. ಇನ್ನು ಸಭಾತ್ಯಾಗ ಮಾಡಿದವರಿಗೂ ಊರಲ್ಲೇ ಉಳಿದವರಿಗೂ ಪಟ್ಟಿಯಲ್ಲಿ ವ್ಯತ್ಯಾಸ ಕಾಣದು. ಅದನ್ನು ಅಂದಿನ ನಡವಳಿಯ ಪಠ್ಯದಲ್ಲೇ ಹುಡುಕಬೇಕು.

ಮತ ಸಿಕ್ಕರೂ ಅದು ಶಾಸಕರ ಸ್ವಂತ ಅಭಿಪ್ರಾಯವೇ? ಬಹುತೇಕ ಅಲ್ಲ. 1985ರಲ್ಲಿ 52ನೇ ತಿದ್ದುಪಡಿಯಿಂದ ಬಂದ ಹತ್ತನೇ ಅನುಸೂಚಿ (ಪಕ್ಷಾಂತರ ನಿಷೇಧ ಕಾಯ್ದೆ) ಪ್ರಕಾರ, ಪಕ್ಷದ ವಿಪ್ (ಹೀಗೇ ಮತ ಹಾಕಬೇಕೆಂಬ ಆದೇಶ) ಮೀರಿ ಮತ ಹಾಕಿದರೆ ಅಥವಾ ಮತದಿಂದ ದೂರ ಉಳಿದರೆ ಸದಸ್ಯತ್ವ ಹೋಗಬಹುದು. ಮೊದಲೇ ಅನುಮತಿ ಪಡೆದಿದ್ದರೆ ಅಥವಾ ಪಕ್ಷ 15 ದಿನದೊಳಗೆ ಮನ್ನಿಸಿದರೆ ಮಾತ್ರ ರಿಯಾಯಿತಿ. ಹಾಗಾಗಿ ನಮ್ಮಲ್ಲಿ ಮತದ ದಾಖಲೆ ಹೆಚ್ಚಾಗಿ ಹೇಳುವುದು ಪಕ್ಷದ ನಿಲುವನ್ನು. ವಿಪ್ ಇದ್ದೂ ಗೈರಾದವರು, ವಿಪ್ ಇಲ್ಲದ ಖಾಸಗಿ ಮಸೂದೆಯಲ್ಲಿ (ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆ) ಮಾತಾಡಿದವರು, ಪಕ್ಷ ಸುಮ್ಮನಿದ್ದಾಗ ತಿದ್ದುಪಡಿ ಸೂಚಿಸಿದವರು ಯಾರು ಎಂದು ನೋಡಿದರೆ ಮನುಷ್ಯ ಕಾಣುತ್ತಾನೆ. ರಾಜ್ಯಸಭಾ ಚುನಾವಣೆಗೆ ಈ ಕಾಯ್ದೆಯ ಹೆದರಿಕೆಯಿಲ್ಲ. 2003ರಿಂದ ಅದು ಮುಕ್ತ ಮತದಾನ, ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿ ಪೆಟ್ಟಿಗೆಗೆ ಹಾಕುತ್ತಾರೆ. 2024ರ ಫೆಬ್ರುವರಿ 27ರಂದು ಬಿಜೆಪಿಯ ಎಸ್.ಟಿ. ಸೋಮಶೇಖರ್ ಅಡ್ಡಮತ ಹಾಕಿದ್ದೂ ಶಿವರಾಮ್ ಹೆಬ್ಬಾರ್ ಗೈರಾದದ್ದೂ ಅಂದೇ ಎಲ್ಲರಿಗೂ ಗೊತ್ತಾಯಿತು. ಶಾಸಕ ಸ್ಥಾನಕ್ಕೆ ಆ ಮತದಿಂದಲೇ ಕುತ್ತು ಬರಲಿಲ್ಲ, ಪಕ್ಷ ಮಾತ್ರ ಮರುವರ್ಷ ಇಬ್ಬರನ್ನೂ ಉಚ್ಚಾಟಿಸಿತು.

ಮತದ ದಾಖಲೆ ಇಷ್ಟು ವಿರಳವಾದ್ದರಿಂದಲೇ ಪಿಆರ್‌ಎಸ್‌ನಂಥ ಶಾಸನಸಭೆಗಳ ಕೆಲಸವನ್ನು ಅಧ್ಯಯನ ಮಾಡುವ ಸಂಸ್ಥೆಗಳ ಸಂಸದರ ಪುಟದಲ್ಲಿ ಹಾಜರಾತಿ, ಪ್ರಶ್ನೆ, ಚರ್ಚೆ, ಖಾಸಗಿ ಮಸೂದೆ ಎಂಬ ಅಂಕಣಗಳು ಮುಂದೆ ಬಂದಿವೆ. ಅವನ್ನು ಓದುವಾಗಲೂ ಎಚ್ಚರ ಬೇಕು. ಮಂತ್ರಿಗಳು ಹಾಜರಿ ಹಾಕುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ. ಅವರ ಅಂಕಣ ಖಾಲಿ ಇದ್ದರೆ ಅದು ಸೋಮಾರಿತನವಲ್ಲ. ಹಾಜರಾತಿ ದಿನಕ್ಕೊಂದು ನಮೂದು, ಎಷ್ಟು ಹೊತ್ತು ಕೂತಿದ್ದರು ಎಂದು ಅದು ಹೇಳುವುದಿಲ್ಲ. ಪ್ರಶ್ನೆಗಳ ಸಂಖ್ಯೆಗಿಂತ ಪ್ರಶ್ನೆಗಳನ್ನೇ ಓದುವುದು ಮೇಲು. ಲೋಕಸಭೆಯಲ್ಲಿ ದಿನಕ್ಕೆ ಇಪ್ಪತ್ತೇ ಚುಕ್ಕೆ ಗುರುತಿನ (ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುವ) ಪ್ರಶ್ನೆಗಳು, ಅವೂ ಲಾಟರಿಯಲ್ಲಿ ಬರುತ್ತವೆ, ಹಾಗಾಗಿ ಬಹುತೇಕ ಪ್ರಶ್ನೆಗಳಿಗೆ ಲಿಖಿತ ಉತ್ತರವಷ್ಟೇ. ಕ್ಷೇತ್ರದ ರೈಲ್ವೆ ಮೇಲ್ಸೇತುವೆ ಬಗ್ಗೆ ಮೂರು ವರ್ಷ ಬಿಡದೆ ಕೇಳಿದ ಐದು ಪ್ರಶ್ನೆಗಳು, ದೇಶದ ಎಲ್ಲ ಯೋಜನೆಗಳ ಅಂಕಿಅಂಶ ಕೇಳಿದ ಇನ್ನೂರು ಪ್ರಶ್ನೆಗಳಿಗಿಂತ ಹೆಚ್ಚು ಹೇಳುತ್ತವೆ.

ಸಾಮಾಜಿಕ ಜಾಲತಾಣಕ್ಕೆ ಬಂದರೆ, ಮೊದಲು ಖಾತೆ ಅವರದೇ ಎಂದು ಖಚಿತಪಡಿಸಿಕೊಳ್ಳಿ. ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ಅಭ್ಯರ್ಥಿಗಳು ತಮ್ಮ ಸಾಮಾಜಿಕ ಜಾಲತಾಣ ಖಾತೆಗಳನ್ನೂ ಬರೆಯಬೇಕು, ಅದನ್ನು ಚುನಾವಣಾ ಆಯೋಗದ ತಾಣದಲ್ಲಿ ನೋಡಬಹುದು. ಆಮೇಲೆ ಪೋಸ್ಟಿನ ಕ್ರಿಯಾಪದ ಗಮನಿಸಿ. ‘ಸದನದಲ್ಲಿ ಪ್ರಬಲವಾಗಿ ವಿರೋಧಿಸಿದೆ’ ಎಂದರೆ ಭಾಷಣ, ಅದು ಮತವಲ್ಲ. ‘ಮಸೂದೆ ತಂದಿದ್ದೇನೆ’ ಎಂದರೆ ಬಹುಶಃ ಖಾಸಗಿ ಸದಸ್ಯರ ಮಸೂದೆ, ಸಂಸತ್ತಿನ ಎರಡೂ ಸದನಗಳಲ್ಲಿ ಅಂಥದ್ದು ಕೊನೆಯದಾಗಿ ಅಂಗೀಕಾರವಾದದ್ದು 1970ರಲ್ಲಿ. ‘ಸರ್ಕಾರದ ಗಮನ ಸೆಳೆದೆ’ ಎಂದರೆ ಅದು ಶೂನ್ಯವೇಳೆಯ ಪ್ರಸ್ತಾಪ ಇರಬಹುದು, ಗಮನ ಸೆಳೆಯುವ ಸೂಚನೆ ಇರಬಹುದು, ಬರೀ ಮಂತ್ರಿಗೆ ಕೊಟ್ಟ ಮನವಿ ಪತ್ರವೂ ಇರಬಹುದು. ಇವುಗಳ ತೂಕ ಬೇರೆ ಬೇರೆ. ಒಂದೂವರೆ ನಿಮಿಷದ ವಿಡಿಯೊ ತುಣುಕಿನಲ್ಲಿರುವ ಮಾತನ್ನು ಪೀಠ ಕಡತದಿಂದ ತೆಗೆಸಿರುವುದೂ ಉಂಟು. ತುಣುಕು ಹರಿದಾಡುತ್ತಲೇ ಇರುತ್ತದೆ, ನಡವಳಿಯಲ್ಲಿ ಆ ಮಾತು ಇರುವುದಿಲ್ಲ.

ಪೋಸ್ಟ್ ಒಂದನ್ನು ತಾಳೆ ನೋಡಲು ಮೂರು ಸಂಗತಿ ಸಾಕು: ದಿನಾಂಕ, ಮಸೂದೆಯ ಪೂರ್ಣ ಹೆಸರು, ಅಂಗೀಕಾರ ಧ್ವನಿಮತದಲ್ಲೋ ವಿಭಜನೆಯಲ್ಲೋ ಎಂಬುದು. ವಿಭಜನೆಯಾಗಿದ್ದರೆ ಅಂದಿನ ನಡವಳಿ ತೆರೆಯಿರಿ. ಧ್ವನಿಮತವಾಗಿದ್ದರೆ ‘ನಾನು ವಿರುದ್ಧ ಮತ ಹಾಕಿದೆ’ ಎಂಬ ಮಾತನ್ನು ಸಾಬೀತು ಮಾಡುವುದಕ್ಕೂ ಆಗದು, ಅಲ್ಲಗಳೆಯುವುದಕ್ಕೂ ಆಗದು. ಆಗ ಶಾಸಕರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಅಂದು ನಿಮ್ಮ ಆಸನದಲ್ಲಿದ್ದುಕೊಂಡು ವಿಭಜನೆ ಕೇಳಿದಿರಾ? ಕೇಳಿದ್ದೆ ಎಂದರೆ ಆ ಮಾತು ನಡವಳಿಯಲ್ಲಿದೆಯೇ ಎಂದು ನೋಡಬಹುದು.