ಪಿ, ಐ, ಎನ್ ಸೇರಿ ‘ಪಿನ್’ ಆಗುವುದು ಹೇಗೆ?

ಎರಡನೇ ತರಗತಿಯ ಮಗು ‘ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು’ ಎಂದು ರಾಗವಾಗಿ ಒಪ್ಪಿಸುತ್ತದೆ. ಕೊನೆಯ ಟಿ ಅಳಿಸಿ ಪಿ ಬರೆದರೆ ಬಾಯಿ ಕಟ್ಟುತ್ತದೆ. ದಾವಣಗೆರೆ, ಚಿತ್ರದುರ್ಗ ಸೀಮೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠ ಮಾಡುವವರಿಗೆ ಇದು ಹೊಸದಲ್ಲ. ರಾಜ್ಯದಲ್ಲಿ 2007–08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ, ಎಬಿಸಿಡಿ ಬಹುತೇಕ ಎಲ್ಲರಿಗೂ ಬರುತ್ತದೆ. ಆದರೆ ಅಕ್ಷರದ ಹೆಸರನ್ನು ಎಷ್ಟು ಬೇಗ ಹೇಳಿದರೂ ‘ಪಿಐಎನ್’ ಆಗುತ್ತದೆಯೇ ಹೊರತು ‘ಪಿನ್’ ಆಗದು. ಓದಲು ಬೇಕಾದದ್ದು ಸದ್ದು.

ಅದಕ್ಕೆ ಬೇಕಾದ ಸಾಧನ ನಮ್ಮಲ್ಲೇ ಇದೆ: ಕಾಗುಣಿತ. ಪ್ + ಇ = ಪಿ ಎಂದು ಬಲ್ಲ ಮಗುವಿಗೆ ಮುಂದೆ ನ್ ಸೇರಿಸುವುದು ಕಷ್ಟವಲ್ಲ. ಶಿಕ್ಷಕರು ಸದ್ದನ್ನು ಅರ್ಧಾಕ್ಷರವಾಗಿಯೇ ಹೇಳಬೇಕು, ಅಷ್ಟೆ. ‘ಪ, ಇ, ನ’ ಎಂದರೆ ಮಗು ‘ಪಇನ’ ಎಂದೇ ಕೂಡಿಸುತ್ತದೆ, ತಪ್ಪು ಅದರದ್ದಲ್ಲ. ಕಾಗುಣಿತವೇ ಇನ್ನೂ ಗಟ್ಟಿಯಾಗದ ಮಗುವಿಗೆ, ಅದರಲ್ಲೂ ಲಂಬಾಣಿ ಅಥವಾ ತೆಲುಗು ಮನೆಮಾತಿನ ಮಗುವಿಗೆ, ಮೊದಲು ಕನ್ನಡದ ಓದನ್ನೇ ಗಟ್ಟಿ ಮಾಡಿ. ಅಲ್ಲಿಯವರೆಗೆ ಇಂಗ್ಲಿಷ್ ಬಾಯಿಮಾತಿನಲ್ಲಿ ಇದ್ದರೆ ಸಾಕು.

ಎ ಯಿಂದ ಝಡ್‌ವರೆಗೆ ಸಾಲಾಗಿ ಕಲಿಸಬೇಕಿಲ್ಲ. ಎಸ್, ಎ, ಟಿ, ಪಿ, ಐ, ಎನ್ ಈ ಆರರಿಂದ ಶುರು ಮಾಡಿದರೆ ಪಿನ್, ಟಿನ್, ಟ್ಯಾಪ್, ಪ್ಯಾನ್, ಸಿಟ್ ಇಷ್ಟೂ ಆಗುತ್ತವೆ, ಅರ್ಧಕ್ಕರ್ಧ ಮಕ್ಕಳ ಬಾಯಲ್ಲಿ ಆಗಲೇ ಇರುವ ಪದಗಳು. ಸಣ್ಣ ಅಕ್ಷರ ಮೊದಲು. ಪಾಠದಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಅವೇ. ದಿನಕ್ಕೆ ಒಂದೇ ಸದ್ದು. 40 ನಿಮಿಷದ ಪಿರಿಯಡ್ಡಿನಲ್ಲಿ 10 ನಿಮಿಷ ಹಳೆಯ ಸದ್ದು, 10 ಹೊಸದು, 15 ಕೂಡಿಸಿ ಓದುವುದು, ಉಳಿದದ್ದು ಐದು ಪದದ ಉಕ್ತಲೇಖನ.

ನಿಜವಾದ ಗೋಜಲು ಸ್ವರಗಳದ್ದು. ‘ಎ’ ಎಂಬ ಹೆಸರಿನ ಅಕ್ಷರದ ಸದ್ದು ಆ್ಯ. ‘ಇ’ ಎಂಬ ಹೆಸರಿನದ್ದು ಎ. ‘ಐ’ ಎಂಬ ಹೆಸರಿನದ್ದು ಇ. ಒಂದರ ಹೆಸರು ಇನ್ನೊಂದರ ಸದ್ದು! ಉಕ್ತಲೇಖನದಲ್ಲಿ ‘ಪೆನ್’ ಎಂದರೆ ಮಗು ಪಿ-ಎ-ಎನ್ ಬರೆಯುವುದು, ‘ಪಿನ್’ ಎಂದರೆ ಪಿ-ಇ-ಎನ್ ಬರೆಯುವುದು ಇದಕ್ಕೇ. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹತ್ತು ಸಲ ಬರೆಸಿದರೆ ಹೋಗುವುದಿಲ್ಲ, ಏಕೆಂದರೆ ಮಗು ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಬರೆದಿದೆ. ಸ್ವರಾಕ್ಷರಗಳ ಹೆಸರನ್ನು ಆರಂಭದಲ್ಲಿ ಎತ್ತಲೇಬೇಡಿ, ಸದ್ದಿನಿಂದಲೇ ಕರೆಯಿರಿ. ಆ್ಯ ಮತ್ತು ಎ ಸದ್ದುಗಳ ನಡುವೆ ಎರಡು ಮೂರು ವಾರ ಅಂತರವಿರಲಿ. ಆಮೇಲೆ ಎದುರುಬದುರು ನಿಲ್ಲಿಸಿ: ಪ್ಯಾನ್–ಪೆನ್, ಮ್ಯಾನ್–ಮೆನ್, ಬ್ಯಾಟ್–ಬೆಟ್. ಗಲ್ಲದ ಕೆಳಗೆ ಬೆರಳಿಟ್ಟುಕೊಂಡು ಹೇಳಿಸಿದರೆ ‘ಆ್ಯ’ಗೆ ದವಡೆ ಹೆಚ್ಚು ಇಳಿಯುವುದು ಮಗುವಿಗೇ ತಿಳಿಯುತ್ತದೆ.

ಪದದ ಕೊನೆಗೆ ‘ಉ’ ಹಚ್ಚುವ ರೂಢಿಯೂ ಬರವಣಿಗೆಗೆ ಇಳಿಯುತ್ತದೆ: ಬಸ್ಸು, ಪೆನ್ನು. ‘ಬಸ್’ಗೆ ಒಂದು ಚಪ್ಪಾಳೆ, ‘ಬಸ್ಸು’ವಿಗೆ ಎರಡು ಹೊಡೆಸಿದರೆ ವ್ಯತ್ಯಾಸ ಕಿವಿಗೆ ಬೀಳುತ್ತದೆ. ಮನೆಯಲ್ಲಿ ‘ಬಸ್ಸು’ ಅಂದರೆ ತಿದ್ದಬೇಡಿ, ಅದು ಕನ್ನಡ. ಬಿ–ಡಿ ತಿರುಗುಮುರುಗಾಗುವುದೂ ಸಹಜ. ಅವೆರಡನ್ನು ಒಂದೇ ವಾರ ಕಲಿಸದಿದ್ದರೆ ಅರ್ಧ ತೊಂದರೆ ತಪ್ಪುತ್ತದೆ.

‘ದಿ’, ‘ವಾಸ್’, ‘ಸೆಡ್’ನಂಥವು ಸದ್ದು ಕೂಡಿಸಿದರೆ ಸಿಗುವುದಿಲ್ಲ. ವಾರಕ್ಕೆ ಮೂರರಂತೆ ನೋಡಿ ಗುರುತಿಸಲು ಕಲಿಸಿ. ಟ್ಯಾಪ್ ‘ಟೇಪ್’ ಆಗುವ ಕೊನೆಯ ಮೂಕ ಇ, ಮೂರಕ್ಷರದ ಪದ ತಡವರಿಸದೆ ಬಂದ ಮೇಲೆ.

ಪಠ್ಯದ ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲ್ಲಿನಲ್ಲಿ ಕನ್ನಡದ ಉಚ್ಚಾರ ಬರೆದುಕೊಡುವುದಂತೂ ನಿಲ್ಲಲೇಬೇಕು. ಮಗುವಿನ ಕಣ್ಣು ಮೇಲಿನ ಸಾಲನ್ನು ಬಿಟ್ಟು ಕೆಳಗಿಳಿಯುವುದೇ ಇಲ್ಲ. ಅರ್ಥವನ್ನು ಕನ್ನಡದಲ್ಲಿ ಧಾರಾಳವಾಗಿ ಹೇಳಿ.

ಓದು ಬಂತೋ, ಬಾಯಿಪಾಠವೋ ಎಂದು ತಿಳಿಯಲು ಅರ್ಥವಿಲ್ಲದ ಐದು ಪದ ಬರೆಯಿರಿ: ನಿಸ್, ಪ್ಯಾಸ್, ಟಿಸ್, ಹೀಗೆ. ನಾಲ್ಕು ಓದಿದರೆ ಮುಂದಿನ ಅಕ್ಷರಕ್ಕೆ ಹೋಗಬಹುದು. ಮೂರಕ್ಕಿಂತ ಕಡಿಮೆಯಾದರೆ ಅದೇ ಆರು ಸದ್ದು ಇನ್ನೊಂದು ವಾರ ನಡೆಯಲಿ, ಸಿಲಬಸ್ ಎಲ್ಲೇ ಇರಲಿ.