ಹೆಸರಿತ್ತು, ಊರು ಗೊತ್ತಿರಲಿಲ್ಲ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪಿನ ಹೆಂಗಸರ ಟೋಪಿಗಳಿಗೆ ಹಕ್ಕಿಗರಿ ಸಿಕ್ಕಿಸುವ ಶೋಕಿ ಜೋರಾಗಿತ್ತು. ಆ ವ್ಯಾಪಾರಕ್ಕೆಂದು ಆಸ್ಟ್ರೇಲಿಯದ ಉತ್ತರಕ್ಕಿರುವ ನ್ಯೂಗಿನಿ ದ್ವೀಪದಿಂದ ಒಣಗಿಸಿದ ಹಕ್ಕಿ ಚರ್ಮಗಳು ಕಂತೆ ಕಂತೆಯಾಗಿ ಬರುತ್ತಿದ್ದವು. ಅಂಥ ಕೆಲವು ಚರ್ಮಗಳು ಇಂಗ್ಲೆಂಡಿನ ಟ್ರಿಂಗ್ ಎಂಬ ಊರಿನಲ್ಲಿ ಸ್ವಂತ ಮ್ಯೂಸಿಯಂ ಕಟ್ಟಿಕೊಂಡಿದ್ದ ವಾಲ್ಟರ್ ರಾತ್‌ಶೀಲ್ಡ್ ಅವರ ಕೈ ಸೇರಿದವು. ಹೆಣ್ಣನ್ನು ಒಲಿಸಲು ಗಂಡು ಚಪ್ಪರ ಕಟ್ಟುವ ಬೋವರ್ ಹಕ್ಕಿಗಳ ಗುಂಪಿನದು ಅದು: ಕಂದು ಮೈ, ಹಣೆಯಿಂದ ಹಿಂದಕ್ಕೆ ಹೊನ್ನಿನ ಜುಟ್ಟು. 1895ರಲ್ಲಿ ಅವರು ಅದಕ್ಕೆ ಆಂಬ್ಲಿಯಾರ್ನಿಸ್ ಫ್ಲಾವಿಫ್ರಾನ್ಸ್ ಎಂದು ಹೆಸರಿಟ್ಟರು. ಫ್ಲಾವಿಫ್ರಾನ್ಸ್ ಎಂದರೆ ಹಳದಿ ಹಣೆಯದು. ಹಕ್ಕಿಯನ್ನು ಯಾವ ಬೆಟ್ಟದಲ್ಲಿ ಹಿಡಿದರೆಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಹೆಸರಿಡಲು ಅದೇನೂ ಅಡ್ಡಿಯಲ್ಲ. ಮಾದರಿಯೊಂದು ಕೈಯಲ್ಲಿದ್ದರೆ ಸಾಕು. ಆದರೆ ಬರೀ ಚರ್ಮ ನಂಬಿದರೆ ಮೋಸ ಹೋಗುವುದೂ ಉಂಟು. 1867ರಲ್ಲಿ ಬ್ರಿಸ್ಬೇನ್ ಬಳಿ ಸಿಕ್ಕ ಒಂದೇ ಒಂದು ಬೋವರ್ ಹಕ್ಕಿಯನ್ನು ಹೊಸ ಪ್ರಭೇದವೆಂದು ದಾಖಲಿಸಿ, ಹಿಡಿದ ರಾನ್ಸ್‌ಲಿಯ ಹೆಸರನ್ನೇ ಇಟ್ಟಿದ್ದರು. ಅದು ಎರಡು ಬೇರೆ ಪ್ರಭೇದಗಳ ಬೆರಕೆ ಎಂದು ಆಮೇಲೆ ತಿಳಿಯಿತು. ಹೊನ್ನಿನ ಜುಟ್ಟಿನದನ್ನೂ ಹಲವು ತಂಡಗಳು ದಶಕಗಟ್ಟಲೆ ಹುಡುಕಿ ಬರಿಗೈಲಿ ಮರಳಿದವು.

ಕೊನೆಗೆ ಅದು ಕಂಡದ್ದು ಅಮೆರಿಕದ ವಿಜ್ಞಾನಿ ಜ್ಯಾರೆಡ್ ಡೈಮಂಡ್ ಅವರಿಗೆ, ನ್ಯೂಗಿನಿಯ ಇಂಡೊನೇಷ್ಯಾ ಭಾಗದಲ್ಲಿರುವ ಫೋಜಾ ಬೆಟ್ಟಗಳಲ್ಲಿ. 1982ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ಚರ್ಮ ಎಂದೂ ಹೇಳಲಾರದ ಸಂಗತಿಗಳಿದ್ದವು. ಗಂಡು ಒಂದು ಸಸಿಯ ಸುತ್ತ ಕಡ್ಡಿಗಳನ್ನು ಒಟ್ಟಿ ಕಂಬ ಕಟ್ಟುತ್ತದೆ. ಪಕ್ಕದಲ್ಲಿ ನೀಲಿ, ಹಸಿರು, ಹಳದಿ ಹಣ್ಣುಗಳನ್ನು ಬೇರೆ ಬೇರೆ ಗುಡ್ಡೆ ಹಾಕುತ್ತದೆ. ಹೆಣ್ಣು ಬಂದಾಗ ಕೊಕ್ಕಿನಲ್ಲೊಂದು ನೀಲಿ ಹಣ್ಣು ಹಿಡಿದು ಜುಟ್ಟಿಗೆ ಎದುರಾಗಿ ತೋರಿಸುತ್ತದೆ. ಇದು ಗೀಜಗನ ಗೂಡಿನಂಥದಲ್ಲ. ಬೋವರ್ ಎಂದರೆ ಹೆಣ್ಣನ್ನು ಒಲಿಸಲು ಹಾಕಿದ ಚಪ್ಪರ, ಅಷ್ಟೇ. ಮೊಟ್ಟೆಯಿಡುವ ಗೂಡನ್ನು ಹೆಣ್ಣು ಬೇರೆಲ್ಲೋ ತಾನೇ ಕಟ್ಟಿಕೊಳ್ಳುತ್ತದೆ. ಹಕ್ಕಿಯ ಮೊದಲ ಫೋಟೊಗಳು ಬಂದದ್ದು 2005ರ ಕೊನೆಯಲ್ಲಿ, ಪಕ್ಷಿತಜ್ಞ ಬ್ರೂಸ್ ಬೀಲರ್ ಅವರ ತಂಡದಿಂದ. ಹೆಸರಿಗೆ ಆಗಲೇ 110 ವರ್ಷ.

ನನಗೆ ಇದಕ್ಕಿಂತ ತಮಾಷೆಯಾಗಿ ಕಾಣುವುದು ಇದೇ ಕುಲದ ಇನ್ನೊಂದು ಹೆಸರು. 1871ರಲ್ಲಿ ನೆದರ್‌ಲ್ಯಾಂಡ್ಸಿನ ಲೈಡನ್ ಊರಿನ ಪಕ್ಷಿತಜ್ಞ ಹೆರ್ಮನ್ ಶ್ಲೇಗೆಲ್ ಜುಟ್ಟೇ ಇಲ್ಲದ ಮಾಸಲು ಕಂದು ಹಕ್ಕಿಯೊಂದನ್ನು ನೋಡಿ ಇನಾರ್ನೇಟ, ಅಂದರೆ ಅಲಂಕಾರವಿಲ್ಲದ್ದು, ಎಂದುಬಿಟ್ಟರು. ಅದೇ ದಶಕದಲ್ಲಿ ಇಟಲಿಯ ಸಸ್ಯವಿಜ್ಞಾನಿ ಬೆಕಾರಿ ನ್ಯೂಗಿನಿಯ ಆರ್ಫಾಕ್ ಬೆಟ್ಟಗಳಲ್ಲಿ ಅದರ ಚಪ್ಪರ ಕಂಡರು: ಪುಟ್ಟ ಗುಡಿಸಲು, ಮುಂದೆ ಪಾಚಿ ಹಾಸಿದ ಅಂಗಳ, ಅಂಗಳದ ತುಂಬ ಹೂವು, ಹಣ್ಣು! ಜುಟ್ಟು ಚಿಕ್ಕದಾದಷ್ಟೂ ಚಪ್ಪರ ಆಡಂಬರದ್ದಾಗುತ್ತದೆ ಎಂದು ಅಮೆರಿಕದ ಪಕ್ಷಿತಜ್ಞ ಥಾಮಸ್ ಗಿಲಿಯರ್ಡ್ 1950ರ ದಶಕದಲ್ಲಿ ಗುರುತಿಸಿದರು. ಒಡವೆ ಮೈಯಿಂದ ಅಂಗಳಕ್ಕೆ ಇಳಿದಿತ್ತು. ಮೊದಲು ಇಟ್ಟ ಹೆಸರಿಗೇ ಮನ್ನಣೆ ಎಂಬುದು ನಾಮಕರಣದ ನಿಯಮ. ಹಾಗಾಗಿ ಇನಾರ್ನೇಟ ಇಂದಿಗೂ ಇನಾರ್ನೇಟವೇ.

ಹೆಸರು ಉಳಿದರೂ ನೆಂಟಸ್ತಿಕೆ ಉಳಿಯಲಿಲ್ಲ. ಬೋವರ್ ಹಕ್ಕಿಗಳನ್ನು ಬಹುಕಾಲ ಸ್ವರ್ಗದ ಹಕ್ಕಿಗಳ ಹತ್ತಿರದ ಬಂಧುಗಳೆಂದು ಎಣಿಸಿದ್ದರು. ಡಿಎನ್‌ಎ ಹೋಲಿಕೆ ಬಂದಮೇಲೆ ಅವು ಬಹಳ ದೂರದವೆಂದು ಗೊತ್ತಾಯಿತು. ಈಗ ಅವುಗಳ ಹತ್ತಿರದ ನೆಂಟರೆಂದರೆ ಮರದ ತೊಗಟೆ ಕೆದಕಿ ಹುಳು ಹೆಕ್ಕುವ ಆಸ್ಟ್ರೇಲಿಯದ ಟ್ರೀಕ್ರೀಪರ್ ಹಕ್ಕಿಗಳು. ಅವಕ್ಕೆ ಚಪ್ಪರವೂ ಇಲ್ಲ, ಜುಟ್ಟೂ ಇಲ್ಲ.